ನಗರವಾಸಿ ಜೀವಗಳೂ ನಮ್ಮ ದಾನಧರ್ಮವೂ



ನಮ್ಮ ಮಂದಿರದ ವಾರ್ಷಿಕೋತ್ಸವದ ಸಂಚಿಕೆಗೆ ಪ್ರತಿವರ್ಷವೂ ತ್ಯಾಗಿಗಳೂ ಪಂಡಿತರೂ ಲೇಖನಗಳನ್ನು ಬರೆದು ಅನುಗ್ರಹಿಸುತ್ತಾರೆ. ಈ ಸಲ ಟ್ರಸ್ಟಿನ ಹಿರಿಯರು ನನ್ನನ್ನೂ ಬರೆಯುವಂತೆ ಒತ್ತಾಯಿಸಿದ್ದಾರೆ. ನಾನು ಮೆಟ್ರಿಕ್‌ವರೆಗೆ ಮಾತ್ರ ಓದಿದವನು. ಬೆಳಗಾವಿ ಸೀಮೆಯಿಂದ ಪಣಜಿಗೆ ಬಂದು ನಾಲ್ಕು ದಶಕಗಳಿಂದ ಕಾಳುಕಡಿಯ ವ್ಯಾಪಾರ ಮಾಡಿಕೊಂಡಿರುವವನು. ಶಾಸ್ತ್ರವನ್ನು ವಿವರಿಸುವ ಅಧಿಕಾರ ನನಗಿಲ್ಲ. ಆದರೆ ಕಾಳಿನ ವಿಷಯ ಮತ್ತು ತಕ್ಕಡಿಯ ವಿಷಯ ಬಂದಾಗ ಎರಡು ಮಾತು ಹೇಳಬಹುದೆಂದು ಧೈರ್ಯ ಮಾಡಿದ್ದೇನೆ. ಅವು ನಮ್ಮ ಮಂದಿರದ ಮಾಳಿಗೆಯ ಮೇಲೆ ಬೆಳಗಿನ ಅಭಿಷೇಕದ ಹೊತ್ತಿಗೆ ಬಂದು ಸೇರುವ ಪಾರಿವಾಳಗಳ ಕುರಿತಾದ ಮಾತುಗಳು.

ನಮ್ಮ ಸಮಾಜದಲ್ಲಿ ಕನ್ನಡದವರು, ಮರಾಠಿಯವರು, ಗುಜರಾತಿನವರು, ಮಾರವಾಡದವರು ಒಂದೇ ಸೂರಿನಡಿ ಕೂರುತ್ತೇವೆ. ನಾವು ಪಾರಿವಾಳವೆನ್ನುವುದನ್ನು ಮರಾಠಿಯವರು ಪಾರವಾ ಎನ್ನುತ್ತಾರೆ, ಗುಜರಾತಿನ ತಾಯಂದಿರು ಪಾರೇವುಂ ಎನ್ನುತ್ತಾರೆ. ಎಲ್ಲವೂ ಸಂಸ್ಕೃತದ ಪಾರಾವತ ಶಬ್ದದ ನೆಂಟರಂತೆಯೇ ಕೇಳಿಸುತ್ತವೆ. ಈ ಹಕ್ಕಿಗೆ ಕಾಳು ಹಾಕುವುದರಲ್ಲಿಯೂ ನಮ್ಮಲ್ಲಿ ಭಾಷಾಭೇದವಿಲ್ಲ. ಆದಕಾರಣ ನಾನು ಹೇಳಹೊರಟಿರುವುದು ಯಾರೊಬ್ಬರನ್ನೂ ಕುರಿತದ್ದಲ್ಲ. ಮೊದಲು ನನ್ನನ್ನು ಕುರಿತದ್ದು.

ಪಾರಿವಾಳವು ಮೂಲತಃ ಊರಿನ ಹಕ್ಕಿಯಲ್ಲ. ಕಡಿದಾದ ಬಂಡೆಯ ಸಂದಿಗಳಲ್ಲಿ ನಾಲ್ಕು ಕಡ್ಡಿಗಳನ್ನಿಟ್ಟು ಅದನ್ನೇ ಗೂಡೆಂದು ತಿಳಿಯುವ ಪಕ್ಷಿ ಅದು. ಜೋಗದ ಜಲಪಾತವನ್ನು ನೋಡಲು ಹೋದವರು, ನೀರು ಧುಮುಕುವ ಬಂಡೆಯ ಮುಂದೆ ಅವು ಹಿಂಡಾಗಿ ಸುಳಿಯುವುದನ್ನು ಕಂಡಿರಬಹುದು. ಮುರ್ಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪಕ್ಕೆ ಪಾರಿವಾಳದ ದ್ವೀಪವೆಂಬ ಹೆಸರೂ ಇದೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯನು ಇದನ್ನು ಸಾಕತೊಡಗಿದನು. ಸಾಕಿದ ಗೂಡಿನಿಂದ ಹಾರಿಹೋದವುಗಳ ಸಂತತಿಯೇ ಇಂದು ನಗರಗಳಲ್ಲಿ ತುಂಬಿರುವುದು. ನಾವು ಕಟ್ಟಿದ ಬಹುಮಹಡಿ ಕಟ್ಟಡವು ಅದರ ಕಣ್ಣಿಗೆ ಬಂಡೆಯೇ. ಕಿಟಕಿಯ ಮೇಲಿನ ಸಜ್ಜ, ಹವಾನಿಯಂತ್ರಕದ ಪೆಟ್ಟಿಗೆಯ ಹಿಂಬದಿ, ಮಂದಿರದ ಶಿಖರದ ಮೂಲೆ, ಇವೆಲ್ಲವೂ ಸಂದಿಗಳೇ.

ಇನ್ನೊಂದು ವಿಶೇಷವಿದೆ. ಕಾಳು ತಿನ್ನುವ ಅನೇಕ ಹಕ್ಕಿಗಳು ಮರಿಗಳಿಗೆ ಕಾಳು ಕೊಡುವುದಿಲ್ಲ. ಗುಬ್ಬಚ್ಚಿಯು ತಾನು ಅಕ್ಕಿನುಚ್ಚು ತಿಂದರೂ ಮರಿಯ ಬಾಯಿಗೆ ಹುಳುಹುಪ್ಪಟೆಯನ್ನೇ ಹುಡುಕಿ ತರಬೇಕು. ಪಾರಿವಾಳಕ್ಕೆ ಹಾಗಿಲ್ಲ. ಅದರ ಕೊರಳ ಚೀಲದಲ್ಲಿ ಹಾಲಿನಂತಹ ಗಟ್ಟಿ ದ್ರವ ಹುಟ್ಟುತ್ತದೆ. ಗಂಡು ಹೆಣ್ಣು ಎರಡೂ ಅದನ್ನು ಮರಿಗಳಿಗೆ ಉಣಿಸುತ್ತವೆ. ಆದ್ದರಿಂದ ಹುಳುಗಳಿಲ್ಲದ ಕಾಂಕ್ರೀಟಿನ ಊರಿನಲ್ಲಿಯೂ, ಕಾಳು ಸಿಕ್ಕುವವರೆಗೆ, ವರ್ಷದುದ್ದಕ್ಕೂ ಮರಿ ಮಾಡಬಲ್ಲದು. ನಮ್ಮ ದೇಶದ ಪಕ್ಷಿತಜ್ಞರು 2023ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯಲ್ಲಿ, ಅನೇಕ ಜಾತಿಗಳು ಇಳಿಮುಖವಾಗಿರುವಾಗ ಏರುತ್ತಿರುವ ಕೆಲವೇ ಹಕ್ಕಿಗಳ ಪೈಕಿ ಪಾರಿವಾಳದ ಹೆಸರಿದೆ. 2020ರ ವರದಿಯು ಗುಬ್ಬಚ್ಚಿಯು ದೊಡ್ಡ ನಗರಗಳಲ್ಲಿ ಕಡಿಮೆಯಾಗುತ್ತಿದೆಯೆಂದು ಹೇಳಿತ್ತು. ನಾವು ಚೆಲ್ಲುವ ಕಾಳು ಇಬ್ಬರಿಗೂ ಒಂದೇ ಎಂದು ನಾನು ಬಹುಕಾಲ ನಂಬಿದ್ದೆ. ಗುಬ್ಬಿಯ ಮರಿಗೆ ಬೇಕಾದದ್ದು ನನ್ನ ಮೂಟೆಯಲ್ಲಿ ಇರಲೇ ಇಲ್ಲ.

ಪಾರಿವಾಳವೊಂದೇ ಅಲ್ಲ, ಕಣ್ಣು ತೆರೆದು ನೋಡಿದರೆ ನಮ್ಮ ಪಣಜಿಯಲ್ಲಿ ಇಂತಹ ಎಷ್ಟೋ ಜೀವಗಳು ನಮ್ಮ ನಡುವೆ ಬಿಡಾರ ಹೂಡಿವೆ. ಸೂರಕ್ಕಿಯು ವರಾಂಡದಲ್ಲಿ ನೇತಾಡುವ ವಿದ್ಯುತ್ ತಂತಿಗೆ ಗೂಡು ತೂಗಿಸುತ್ತದೆ. ಕಾಗೆಯು ಕಡ್ಡಿ ಸಿಕ್ಕದಿದ್ದರೆ ಕಬ್ಬಿಣದ ತಂತಿಯ ತುಂಡುಗಳಿಂದಲೇ ಗೂಡು ಹೆಣೆಯುತ್ತದೆ. ಹಕ್ಕಿ ತಿಂದ ಅರಳಿಯ ಹಣ್ಣಿನ ಬೀಜ ಹಿಕ್ಕೆಯೊಡನೆ ಗೋಡೆಯ ಬಿರುಕಿಗೆ ಬಿದ್ದು, ಮಣ್ಣಿನ ಹಂಗಿಲ್ಲದೆ ಮೊಳೆಯುತ್ತದೆ. ಫೊಂಡಾ ತಾಲೂಕಿನ ಬಾಂದಿವಡೆಯಲ್ಲಿ ಪಾಳುಬಿದ್ದಿರುವ ನೇಮಿನಾಥ ಬಸದಿಯನ್ನು ನೋಡಲು ಹಲವು ವರ್ಷಗಳ ಹಿಂದೆ ಹೋಗಿದ್ದಾಗ, ಮುರಕಲ್ಲಿನ ಗೋಡೆಯಲ್ಲಿ ಬೇರಿಳಿಸಿದ್ದ ಅಂತಹ ಒಂದು ಸಸಿಯನ್ನು ಕಂಡೆ. ಕೀಳಬೇಕೆಂದು ಒಬ್ಬರು, ಕೀಳಬಾರದೆಂದು ಒಬ್ಬರು, ನಮ್ಮ ಗುಂಪಿನಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಯಾರೂ ಮುಟ್ಟದೆ ಬಸ್ಸು ಹತ್ತಿದೆವು.

ಪಾಟೋ ಸೇತುವೆಯ ಕೆಳಗೆ ಔರೆಂ ನಾಲೆಯ ಅಂಚಿನಲ್ಲಿ ನಿಂತಿರುವ ಕಾಂಡ್ಲಾ ಗಿಡಗಳನ್ನು ನಾವು ಪ್ರತಿದಿನ ದಾಟಿ ಹೋಗುತ್ತೇವೆ. ಉಪ್ಪುನೀರಿನಲ್ಲಿ ಬೇರೆ ಗಿಡ ಬದುಕುವುದು ಅಪರೂಪ. ಇವುಗಳಲ್ಲಿ ಕೆಲವು ಎಲೆಯ ಮೂಲಕವೇ ಉಪ್ಪನ್ನು ಹೊರಗೆ ಹಾಕುತ್ತವೆ. ಕೆಸರಿನೊಳಗೆ ಉಸಿರಾಡಲು ಗಾಳಿಯಿಲ್ಲವಾದ್ದರಿಂದ ಬೇರುಗಳನ್ನು ಪೆನ್ಸಿಲ್ಲುಗಳಂತೆ ಮೇಲಕ್ಕೆ ಚಾಚುತ್ತವೆ. ಇನ್ನೊಂದು ಜಾತಿಯಲ್ಲಿ ಬೀಜವು ತಾಯಿಗಿಡದಲ್ಲಿದ್ದಾಗಲೇ ಮೊಳೆತು ನುಗ್ಗೆಕಾಯಿಯಷ್ಟು ಉದ್ದವಾಗಿ, ಅನಂತರ ಕೆಸರಿಗೆ ಬೀಳುತ್ತದೆ. ರಿಬಂದರಿನಿಂದ ದೋಣಿ ದಾಟಿದರೆ ಚೊಡಣ ದ್ವೀಪದಲ್ಲಿ ಇವುಗಳದೇ ಒಂದು ಕಾಡು ಇದೆ. 1988ರಲ್ಲಿ ಅದನ್ನು ಡಾ. ಸಲೀಂ ಅಲಿಯವರ ಹೆಸರಿನಲ್ಲಿ ಪಕ್ಷಿಧಾಮವನ್ನಾಗಿ ಮಾಡಿದರು. ಎರಡು ಚದರ ಕಿಲೋಮೀಟರನ್ನೂ ಮುಟ್ಟದ ಜಾಗ. ಉಪ್ಪನ್ನು ಗೆದ್ದ ಈ ಗಿಡಕ್ಕೆ ನಮ್ಮ ಪ್ಲಾಸ್ಟಿಕ್ ಚೀಲವನ್ನು ಗೆಲ್ಲುವ ಉಪಾಯ ತಿಳಿಯದು. ಉಸಿರಾಡುವ ಬೇರಿಗೆ ಚೀಲ ಸುತ್ತಿಕೊಂಡರೆ ಆ ಬೇರು ಕಟ್ಟಿತು.

ಪರದೇಶಗಳಲ್ಲಿ ವಿದ್ವಾಂಸರು ಇಂತಹ ಸಂಗತಿಗಳನ್ನು ಅಳೆದು ನೋಡಿದ್ದಾರೆ. ನನ್ನ ಮೊಮ್ಮಗಳು ಕಾಲೇಜಿನಲ್ಲಿ ಓದುವ ವಿಷಯವಾದ್ದರಿಂದ ಅವಳಿಂದ ಕೇಳಿ ತಿಳಿದೆ. ಹಾಲೆಂಡಿನ ಲೈಡನ್ ನಗರದಲ್ಲಿ ಗುಬ್ಬಿಗಾತ್ರದ ಒಂದು ಹಕ್ಕಿಯು ವಾಹನಗಳ ಸದ್ದು ಹೆಚ್ಚಾಗಿರುವ ಕಡೆ ಏರಿದ ಸ್ವರದಲ್ಲಿ ಹಾಡುತ್ತದೆಯೆಂದು 2003ರಲ್ಲಿ ಪ್ರಕಟಿಸಿದರು; ತಗ್ಗಿನ ಸ್ವರವು ಗದ್ದಲದಲ್ಲಿ ಮುಳುಗಿಹೋಗುವುದೇ ಕಾರಣ. ಫ್ರಾನ್ಸಿನ ಮಾಂಪೆಲಿಯೆ ಪಟ್ಟಣದಲ್ಲಿ ಕಾಲುದಾರಿಯ ಮರದ ಬುಡದಲ್ಲಿ ಬೆಳೆಯುವ ಒಂದು ಕಳೆಗಿಡವಿದೆ. ಅದಕ್ಕೆ ಎರಡು ಬಗೆಯ ಬೀಜ: ಗಾಳಿಯಲ್ಲಿ ತೇಲುವ ಹಗುರ ಬೀಜ, ಬುಡದಲ್ಲಿಯೇ ಉದುರುವ ಭಾರದ ಬೀಜ. ತೇಲಿದ ಬೀಜ ಸಿಮೆಂಟಿನ ಮೇಲೆ ಬಿದ್ದು ಹಾಳಾಗುತ್ತದೆ. ಆದ್ದರಿಂದ ಕೆಲವೇ ತಲೆಮಾರುಗಳಲ್ಲಿ ಪಟ್ಟಣದ ಗಿಡಗಳು ಭಾರದ ಬೀಜವನ್ನೇ ಹೆಚ್ಚಾಗಿ ಬಿಡತೊಡಗಿದವೆಂದು 2008ರ ಅಧ್ಯಯನ ತೋರಿಸಿತು.

ಇದನ್ನೆಲ್ಲ ಕೇಳಿದಾಗ ನನಗೂ ಮೊದಲು ಸಂತೋಷವೇ ಆಯಿತು. ಎಷ್ಟು ಜಾಣತನ, ಎಂತಹ ಹೊಂದಿಕೆ ಎಂದುಕೊಂಡೆ. ಆಮೇಲೆ ಮೊಮ್ಮಗಳು ಒಂದು ಪತಂಗದ ಕಥೆ ಹೇಳಿದಳು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸುತ್ತಮುತ್ತ ಒಂದು ಜಾತಿಯ ಚಿಕ್ಕ ಪತಂಗಗಳನ್ನು ಮರಿಹುಳುಗಳಿದ್ದಾಗಲೇ ಸಂಗ್ರಹಿಸಿ ಬೆಳೆಸಿದರು. ಕೆಲವನ್ನು ಕತ್ತಲೆಯ ಹಳ್ಳಿಗಾಡಿನಿಂದ, ಕೆಲವನ್ನು ರಾತ್ರಿಯಿಡೀ ಬೆಳಕಿರುವ ಪಟ್ಟಣದಿಂದ. ಅನಂತರ ದೀಪದ ಮುಂದೆ ಬಿಟ್ಟಾಗ ಪಟ್ಟಣದ ಪತಂಗಗಳು ದೀಪದ ಕಡೆ ಹಾರುವುದು ಸುಮಾರು ನೂರಕ್ಕೆ 30ರಷ್ಟು ಕಡಿಮೆಯಿತ್ತು. ಇದು 2016ರಲ್ಲಿ ಪ್ರಕಟವಾದ ಸಂಗತಿ. ಅವು ಹೇಗೆ ಕಲಿತವು ಎಂದು ಕೇಳಿದೆ. "ಅವು ಕಲಿಯಲಿಲ್ಲ ಅಜ್ಜ, ದೀಪಕ್ಕೆ ಹಾರಿದವು ಸತ್ತವು, ಹಾರದವು ಉಳಿದು ಮರಿ ಮಾಡಿದವು" ಎಂದಳು.

ವ್ಯಾಪಾರಿಯಾದ ನನಗೆ ಅದು ತಟ್ಟನೆ ಅರ್ಥವಾಯಿತು. ಹೊಂದಿಕೊಂಡವು ಎಂದು ನಾವು ಹೇಳುವಾಗ ಜಮೆಯ ಪುಟವನ್ನು ಮಾತ್ರ ಓದುತ್ತಿದ್ದೇವೆ. ಖರ್ಚಿನ ಪುಟದಲ್ಲಿ ದೀಪದ ಬುಡದ ಬೂದಿ ಇದೆ, ಸಿಮೆಂಟಿನ ಮೇಲೆ ಒಣಗಿದ ಬೀಜ ಇದೆ, ಗದ್ದಲದಲ್ಲಿ ಜೊತೆಗಾತಿಯನ್ನು ಕರೆಯಲಾರದೆ ಉಳಿದ ಹಕ್ಕಿ ಇದೆ. ಎಲ್ಲ ಜೀವಗಳೂ ಪರಸ್ಪರ ನೆರವಿನಿಂದ ಬಾಳುವುವೆಂಬುದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ನಮಗೆ ಬೋಧಿಸುವ ವಿಚಾರ. ದಿಗಂಬರರೂ ಶ್ವೇತಾಂಬರರೂ ಸಮಾನವಾಗಿ ಮನ್ನಿಸುವ ಗ್ರಂಥವದು. ಹೊಂದಿಕೊಳ್ಳುವ ಭಾರವನ್ನೆಲ್ಲ ಅವುಗಳ ಮೇಲೆಯೇ ಹೊರಿಸಿ ನಾವು ಮಾತ್ರ ಇದ್ದಂತೆ ಇರುವುದು ಆ ನೆರವಿನ ಲೆಕ್ಕಕ್ಕೆ ಸೇರುವುದಾದರೂ ಹೇಗೆ?

ಪತಂಗವು ನಮ್ಮ ಶಾಸ್ತ್ರದ ಪ್ರಕಾರ ನಾಲ್ಕು ಇಂದ್ರಿಯಗಳ ಜೀವ. ಅದಕ್ಕೆ ಕಣ್ಣಿದೆ, ಆದ್ದರಿಂದಲೇ ದೀಪಕ್ಕೆ ಬಲಿಯಾಗುತ್ತದೆ. ನಮ್ಮ ಹಿರಿಯರು ಸೂರ್ಯಾಸ್ತದೊಳಗೆ ಉಂಡು, ಮಳೆಗಾಲದಲ್ಲಿ ದೀಪವನ್ನೂ ಬೇಗ ಆರಿಸುತ್ತಿದ್ದರು. ನಮ್ಮ ತಾಯಿ ಮೊದಲ ಮಳೆಗೆ ರೆಕ್ಕೆಹುಳುಗಳು ಏಳುವ ಸಂಜೆ ಅಡುಗೆಮನೆಯಲ್ಲಿ ದೀಪ ಹಚ್ಚಲು ಬಿಡುತ್ತಿರಲಿಲ್ಲ. ಕತ್ತಲೆಯಲ್ಲಿಯೇ ಕುಳಿತು ಕಥೆ ಹೇಳುತ್ತಿದ್ದರು. ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವುದೂ, ಮಳೆಗೆ ಹುಟ್ಟಿದ ಜೀವಗಳಿಗಾಗಿ ಮನುಷ್ಯನೇ ಹೊಂದಿಕೊಳ್ಳುವ ಕ್ರಮ. ಇಂತಹ ಪರಂಪರೆಯವರಾದ ನಾವು ಭಾದ್ರಪದದ ಹಬ್ಬಕ್ಕೆ ಶಿಖರದಿಂದ ಹೆಬ್ಬಾಗಿಲವರೆಗೆ ಬಲ್ಬಿನ ಸರಗಳನ್ನು ಕಟ್ಟಿ ಬೆಳಗಿನವರೆಗೂ ಉರಿಸುತ್ತೇವೆ. ಕಳೆದ ವರ್ಷ ಕಸಗುಡಿಸುವ ಹೆಂಗಸು ಒಂದು ಮೊರದ ತುಂಬ ರೆಕ್ಕೆಗಳನ್ನು ನನಗೆ ತೋರಿಸಿ "ಶೇಟರೇ, ಇದನ್ನು ಎಲ್ಲಿ ಹಾಕಲಿ" ಎಂದಳು. ಅಂದು ಉತ್ತಮ ಸಂಯಮದ ದಿನವಾಗಿತ್ತು.

ಈಗ ಕಾಳಿನ ಮಾತಿಗೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ.

ನಾನು ಅಂಗಡಿ ಆರಂಭಿಸಿದ ಕಾಲದಿಂದಲೂ ಬೆಳಿಗ್ಗೆ ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದೆ. ಗಿರಾಕಿಗಳು ಅದನ್ನು ನೋಡಿ ತಾವೂ ಒಂದು ಸೇರು ಕೊಂಡು ಚೆಲ್ಲುತ್ತಿದ್ದರು. ಹಕ್ಕಿಯ ಕಾಳೆಂದು ಪ್ರತ್ಯೇಕವಾಗಿಯೇ ಮಾರತೊಡಗಿದೆ. ದಾಸ್ತಾನಿನಲ್ಲಿ ಹಳತಾದದ್ದು, ನುಸಿ ಹಿಡಿದದ್ದು, ಮನುಷ್ಯರಿಗೆ ಮಾರಲಾಗದ್ದೆಲ್ಲ ಆ ಡಬ್ಬಕ್ಕೆ ಹೋಗುತ್ತಿತ್ತು. ನುಸಿಯೂ ಜೀವವೇ ಎಂಬುದು ನನಗೆ ಗೊತ್ತಿತ್ತು. ಹಕ್ಕಿಯ ಬಾಯಿಗೆ ಕಾಳಿನೊಡನೆ ಅದನ್ನೂ ಕೊಡುತ್ತಿದ್ದೇನೆಂಬುದನ್ನು ಯೋಚಿಸಲಿಲ್ಲ. ಹಾಳಾಗುವ ಸರಕು ಖರ್ಚಾಯಿತು, ಲಾಭವಾಯಿತು, ಮೇಲೆ ಪುಣ್ಯವೂ ಬಂತೆಂದು ತಿಳಿದಿದ್ದೆ. ಒಂದು ಸರಕನ್ನು ಮೂರು ಬಾರಿ ಮಾರಿದಂತಾಯಿತು.

ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ವೃದ್ಧೆ ವಾಸವಾಗಿದ್ದರು; ನಮ್ಮ ಧರ್ಮದವರಲ್ಲ, ಬಹು ಸಾತ್ವಿಕರು. ಅವರಿಗೆ ಒಣಕೆಮ್ಮು ಆರಂಭವಾಗಿ, ಎರಡು ವರ್ಷಗಳಲ್ಲಿ ಮೆಟ್ಟಿಲು ಹತ್ತಲಾರದಷ್ಟು ಉಬ್ಬಸವಾಯಿತು. ಎದೆರೋಗದ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಮನೆಯ ಬಳಿ ಪಾರಿವಾಳಗಳಿವೆಯೇ ಎಂಬುದು. ಒಣಗಿದ ಹಿಕ್ಕೆ ಮತ್ತು ಗರಿಗಳ ಧೂಳು ದಿನವೂ ಉಸಿರಿನೊಳಗೆ ಹೋದರೆ ಕೆಲವರ ಶರೀರ ಅದನ್ನು ವೈರಿಯೆಂದು ತಿಳಿದು ಶ್ವಾಸಕೋಶದಲ್ಲಿಯೇ ಉರಿಯೂತ ಎಬ್ಬಿಸುತ್ತದೆ. ಎಲ್ಲರಿಗೂ ಬರುವ ರೋಗವಲ್ಲ. ಬೇಗ ಗುರುತಿಸಿ ಧೂಳಿನಿಂದ ದೂರವಾದರೆ ಇಳಿಯುತ್ತದೆ. ತಡವಾದರೆ ಒಳಗೆ ಕಲೆಗಟ್ಟಿ ಶ್ವಾಸಕೋಶ ಗಟ್ಟಿಯಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಅವರದು ತಡವಾಗಿತ್ತು. ಅವರು ಒಂದು ದಿನವೂ ನನ್ನ ಬಳಿ ಬಂದು ಆಕ್ಷೇಪಿಸಲಿಲ್ಲ. ಮಗನ ಊರಿಗೆ ಹೋಗಲು ಸಾಮಾನು ಏರಿಸುತ್ತಿದ್ದಾಗ ಆ ಮಗನಿಂದ ನನಗೆ ವಿಷಯ ತಿಳಿಯಿತು. ಆ ವರ್ಷದ ಕ್ಷಮಾವಣಿಯಂದು ದೂರವಾಣಿಯಲ್ಲಿ ಕ್ಷಮೆ ಕೇಳಿದೆ. ಕೆಮ್ಮಿನ ನಡುವೆ ಅವರು, "ಹಕ್ಕಿಗಳು ಚೆನ್ನಾಗಿವೆಯಲ್ಲ?" ಎಂದರು. ನಮ್ಮ ಹತ್ತು ದಿನಗಳ ಉಪವಾಸದ ಫಲವೆಲ್ಲ ಆ ಒಂದು ಪ್ರಶ್ನೆಯ ಮುಂದೆ ನನಗೆ ಹಗುರವಾಗಿ ಕಂಡಿತು.

2025ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರವು ಮುಂಬಯಿಯ 51 ಕಬೂತರಖಾನೆಗಳನ್ನು ಮುಚ್ಚಿಸುವುದಾಗಿ ಪ್ರಕಟಿಸಿದ್ದು, ಆಗಸ್ಟಿನ ಆರಂಭದಲ್ಲಿ ದಾದರಿನ ಕಬೂತರಖಾನೆಗೆ ತಾಡಪಾಲು ಹೊದಿಸಿದ್ದು, ಆಗಸ್ಟ್ 6ರಂದು ಜನರು ಅದನ್ನು ಹರಿದುಹಾಕಿದ್ದು, ವಿಷಯ ನ್ಯಾಯಾಲಯಗಳ ಮುಂದೆ ಹೋದದ್ದು ಎಲ್ಲರಿಗೂ ತಿಳಿದಿದೆ. ಹರಿದವರಲ್ಲಿ ನಮ್ಮವರೂ ಅನೇಕರಿದ್ದರು. ಹಸಿದ ಹಕ್ಕಿಯನ್ನು ಕಂಡು ಅವರ ಕರುಳು ಕರಗಿದ್ದು ಸುಳ್ಳಲ್ಲ. ಒಂದೇ ದಿನದಲ್ಲಿ ತಟ್ಟೆ ಕಸಿದುಕೊಳ್ಳುವುದು ನನ್ನ ಮಟ್ಟಿಗೂ ಸರಿಕಾಣದು. ಆದರೆ ಅಷ್ಟು ಸಾವಿರ ಹಕ್ಕಿಗಳು ಒಂದೇ ವೃತ್ತದಲ್ಲಿ ನಮ್ಮ ಮುಷ್ಟಿಯನ್ನೇ ನಂಬಿ ಕೂರುವಂತೆ ಮಾಡಿದವರು ಯಾರು? ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ನಡೆಸುವವರೂ ನಾವೇ. ಗಾಯಗೊಂಡ ರೆಕ್ಕೆಗೆ ಮದ್ದು ಹಚ್ಚುವ ಆ ಕೆಲಸದಲ್ಲಿ ಹಕ್ಕಿಗೆ ಏನು ಬೇಕೆಂಬುದನ್ನು ಮೊದಲು ನೋಡುತ್ತಾರೆ, ಕೊಡುವವನ ತೃಪ್ತಿಯನ್ನಲ್ಲ.

ಕಾಳು ಕಡಿಮೆ ಮಾಡುವುದೆಂದರೆ ಹಿಂಸೆಯಲ್ಲವೇ ಎಂದು ಕೇಳುವವರಿಗೆ ಮತ್ತೆ ಬಾಸೆಲಿನದೇ ಉದಾಹರಣೆ ಕೊಡುತ್ತೇನೆ. ಆ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರು. ಸಂಖ್ಯೆ ಇಳಿಯಲಿಲ್ಲ. ತಿನ್ನಲು ಸಿಕ್ಕುತ್ತಿದ್ದುದರಿಂದ ಖಾಲಿಯಾದ ಜಾಗವನ್ನು ಹೊಸ ಮರಿಗಳು ತುಂಬಿದವು. 1988ರಿಂದ ಬೇರೆ ಮಾರ್ಗ ಹಿಡಿದರು: ಅತಿಯಾಗಿ ತಿನ್ನಿಸುವುದರಿಂದ ಇಕ್ಕಟ್ಟು, ರೋಗ, ಮರಿಗಳ ಸಾವು ಹೆಚ್ಚುತ್ತವೆಂದು ಜನರಿಗೆ ತಿಳಿಸಿ ಹೇಳಿದರು, ಪಾರಿವಾಳಗಳಿಗೆಂದೇ ಕೆಲವು ಗೂಡುಮನೆಗಳನ್ನು ಇಟ್ಟು ನೋಡಿಕೊಂಡರು. ಸುಮಾರು 50 ತಿಂಗಳಲ್ಲಿ 20 ಸಾವಿರದಷ್ಟಿದ್ದ ಹಕ್ಕಿಗಳು ಅರ್ಧಕ್ಕೆ ಇಳಿದವು. ಒಂದು ಲಕ್ಷ ಕೊಲೆಗಳಿಂದ ಆಗದಿದ್ದುದು ಕೈಯ ಸಂಯಮದಿಂದ ಆಯಿತು. ಅದನ್ನು ಮಾಡಿದವರು ಜೈನರಲ್ಲ ಎಂಬುದನ್ನು ನೆನೆದು ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಭಗವಾನ್ ಶಾಂತಿನಾಥರ ಪೂರ್ವಭವದ ಕಥೆಯನ್ನು ನಮ್ಮ ಗುಜರಾತಿ ಬಂಧುಗಳು ಬಾಲ್ಯದಿಂದ ಕೇಳಿರುತ್ತಾರೆ; ಹೇಮಚಂದ್ರಾಚಾರ್ಯರು ಅದನ್ನು ಹೇಳಿದ್ದಾರೆ. ಶಾಂತಿನಾಥರ ಪುರಾಣವನ್ನು ಪೊನ್ನನು ಕನ್ನಡದಲ್ಲಿ ರಚಿಸಿದ್ದರಿಂದ ನಮಗೂ ಆ ತೀರ್ಥಂಕರರು ಮನೆಯವರೇ. ಗಿಡುಗ ಅಟ್ಟಿಸಿಕೊಂಡು ಬಂದ ಪಾರಿವಾಳವು ಮೇಘರಥ ರಾಜನ ಮಡಿಲಿಗೆ ಬಿದ್ದಿತು. ಗಿಡುಗವು ತನ್ನ ಆಹಾರ ಕೇಳಿತು. ರಾಜನು ತಕ್ಕಡಿ ತರಿಸಿ, ಒಂದು ತಟ್ಟೆಯಲ್ಲಿ ಪಾರಿವಾಳವನ್ನಿಟ್ಟು, ಇನ್ನೊಂದರಲ್ಲಿ ತನ್ನ ದೇಹದ ಮಾಂಸವನ್ನೇ ಇಡುತ್ತ ಹೋದನು. ತಟ್ಟೆ ಏಳದಿದ್ದಾಗ ತಾನೇ ಏರಿ ಕುಳಿತನು. ದಿನವೂ ತಕ್ಕಡಿ ಹಿಡಿಯುವ ನನಗೆ ಈ ಕಥೆಯಲ್ಲಿ ಬೇರೆಯವರಿಗೆ ಕಾಣದ ಒಂದು ವಿಷಯ ಕಾಣುತ್ತದೆ. ರಾಜನ ಉಗ್ರಾಣದಲ್ಲಿ ಹಳೆಯ ಜೋಳ ಇರಲಿಲ್ಲವೇ? ಇದ್ದೇ ಇತ್ತು. ಅವನು ಅದನ್ನು ತಟ್ಟೆಗೆ ಹಾಕಲಿಲ್ಲ.

ನಾವು ರಾಜರೂ ಅಲ್ಲ, ಅಂತಹ ತ್ಯಾಗವನ್ನು ಯಾರೂ ನಮ್ಮಿಂದ ಕೇಳುವುದೂ ಇಲ್ಲ. ಟ್ರಸ್ಟಿನ ಸಭೆಯಲ್ಲಿ ಬಹಳ ವಾದವಿವಾದದ ನಂತರ ಒಪ್ಪಿದ್ದು ಇಷ್ಟು. ಮಾಳಿಗೆಯ ಕಾಳಿನ ಪೆಟ್ಟಿಗೆಗೆ ಹಾಕುವ ಪ್ರಮಾಣವನ್ನು ವಾರವಾರವೂ ತಗ್ಗಿಸಿ ನಿಲ್ಲಿಸುವುದು. ಪೆಟ್ಟಿಗೆಗೆ ಬರುತ್ತಿದ್ದ ಹಣವನ್ನು ಗಾಯಗೊಂಡ ಪ್ರಾಣಿಪಕ್ಷಿಗಳ ಚಿಕಿತ್ಸೆಗೆ ಕೊಡುವುದು. ಹಿತ್ತಲಿನ ಸಿಮೆಂಟು ಒಡೆಸಿ ಹುಲ್ಲು, ದಾಸವಾಳ, ಕರಿಬೇವು ನೆಟ್ಟು ಹುಳುಗಳೂ ಗುಬ್ಬಿಗಳೂ ಬರುವಂತೆ ಬಿಡುವುದು. ನೀರಿನ ಬಾನಿಯನ್ನು ದಿನವೂ ತಿಕ್ಕಿ ತುಂಬುವುದು. ಬಲ್ಬಿನ ಸರಗಳನ್ನು ಆರತಿ ಮುಗಿದ ಅರ್ಧ ಗಂಟೆಗೆ ಆರಿಸುವುದು. ಕೊನೆಯದಕ್ಕೆ ತರುಣರ ವಿರೋಧವಿತ್ತು, ಫೋಟೋ ಚೆನ್ನಾಗಿ ಬರುವುದಿಲ್ಲವೆಂದು. ನನ್ನ ಅಂಗಡಿಯಲ್ಲಿ ಹಕ್ಕಿಯ ಕಾಳಿನ ಡಬ್ಬವನ್ನು ನಾನೇ ತೆಗೆದಿದ್ದೇನೆ. ಗಿರಾಕಿಗಳು ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗುತ್ತಿದ್ದಾರೆ, ಅದೂ ನಿಜ.

ಶಿಖರದ ಮೂಲೆಗಳಿಗೆ ಜಾಲರಿ ಕಟ್ಟಿಸುವುದೆಂದೂ ನಿರ್ಣಯವಾಗಿದೆ. ಕೆಲಸದವನು ಏಣಿ ಹಾಕಿ ನೋಡಿದಾಗ ದಕ್ಷಿಣದ ಕಿಂಡಿಯಲ್ಲಿ ನಾಲ್ಕು ಕಡ್ಡಿಗಳ ಮೇಲೆ ಎರಡು ಬಿಳಿ ಮೊಟ್ಟೆಗಳಿದ್ದವು. ಕಾವಿಗೆ ಸುಮಾರು 18 ದಿನ, ಮರಿಗಳು ಹಾರಲು ಮತ್ತೊಂದು ತಿಂಗಳು. ಅವನಿಗೆ ಮುಂಗಡ ಕೊಟ್ಟು, ದಸರಾ ಕಳೆದ ಮೇಲೆ ಬಾ ಎಂದು ಹೇಳಿ ಕಳುಹಿಸಿದ್ದೇವೆ.